ಕೈಬಿಟ್ಟಲ್ಲದೆ ಹಾರದು

ನಮ್ಮ ಕನ್ನಡದ ‘ಹಾರು’ ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳುಂಟು. ಜಗುಲಿಯ ಮೇಲಿನಿಂದ ಅಂಗಳಕ್ಕೆ ನೆಗೆಯುವ ಹುಡುಗನೂ ಹಾರುತ್ತಾನೆ. ಆಕಾಶದಲ್ಲಿ ರೆಕ್ಕೆ ಬಿಚ್ಚಿ ತೇಲುವ ಹದ್ದೂ ಹಾರುತ್ತದೆ. ತರಗತಿಯಲ್ಲಿ ಈ ಮಾತನ್ನು ಹೇಳಿದಾಗಲೆಲ್ಲ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು “ಕಾಂಪೌಂಡು ಹಾರುವವರೂ ಉಂಟು, ಸಾರ್” ಎಂದು ಮೂರನೆಯದೊಂದನ್ನು ಸೇರಿಸುವುದು ವಾಡಿಕೆ. ನೆಗೆತಕ್ಕೂ ಹಾರಾಟಕ್ಕೂ ನಡುವೆ ಇರುವ ಅಂತರವನ್ನು ನಾನು ನಿಘಂಟಿನಿಂದ ಕಲಿಯಲಿಲ್ಲ. ನಾಲ್ಕನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಮದುವೆಯ ಕರೆಯೋಲೆಯೊಂದನ್ನು ಕತ್ತರಿಸಿ ಮಾಡಿದ ಪುಟ್ಟ ವಿಮಾನದಿಂದ ಕಲಿತೆ. ಅದರ ಜತೆಗೆ ಇನ್ನೂ ಒಂದು ಪಾಠವನ್ನು ಕಲಿತೆ. ಅದು ತಂದೆಯಾದವನು ಕಲಿಯತಕ್ಕ ಪಾಠ. ಆದುದರಿಂದಲೇ ಈ ವಾರ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡುವುದು ಮೇಲು. ಮಗಳ ಹುಟ್ಟುಹಬ್ಬಕ್ಕೆಂದು ನಾನೊಂದು ಆಟದ ವಿಮಾನವನ್ನು ಕೊಂಡುತಂದೆ. ದೂರದಿಂದಲೇ ಗುಂಡಿ ಒತ್ತಿ ಹಾರಿಸುವಂಥದು. ಬೆಲೆಯೋ, ಮನೆಯ ಒಂದು ತಿಂಗಳ ಹಾಲಿನ ಲೆಕ್ಕಕ್ಕಿಂತ ಹೆಚ್ಚು. ಸಂಜೆ ಮೈದಾನಕ್ಕೆ ಹೋದೆವು. ಹೇಗೆ ಹಾರಿಸಬೇಕೆಂದು ತೋರಿಸಿಕೊಡುವ ನೆಪದಲ್ಲಿ ಹತ್ತು ನಿಮಿಷ ಅದನ್ನು ನಾನೇ ಹಾರಿಸಿದೆ. ಆಮೇಲೆ ಅವಳ ಕೈಗೆ ಕೊಟ್ಟೆ. ಅರ್ಧ ನಿಮಿಷವೂ ಕಳೆದಿರಲಿಲ್ಲ; ವಿಮಾನ ಹೊಂಗೆಯ ಮರಕ್ಕೆ ಬಡಿದು ಎರಡು ತುಂಡಾಗಿ ಕೆಳಗೆ ಬಿತ್ತು.

“ಕೈಗೆ ಕೊಟ್ಟದ್ದನ್ನು ಒಂದು ಗಳಿಗೆ ನೆಟ್ಟಗೆ ಇಟ್ಟುಕೊಳ್ಳುವುದಕ್ಕೆ ಬರುವುದಿಲ್ಲವೇ ನಿನಗೆ?” ಎಂದುಬಿಟ್ಟೆ.

ಮಗು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಎಂದು ಈಗ ತೋರುತ್ತದೆ. ಮುರಿದ ತುಂಡುಗಳನ್ನು ಆಯ್ದು ತನ್ನ ಲಂಗದ ಮಡಿಲಿಗೆ ಹಾಕಿಕೊಂಡು ಸುಮ್ಮನೆ ಮನೆಗೆ ನಡೆದಳು. ಅಂದಿನಿಂದ ಅವಳಲ್ಲೊಂದು ಹೊಸ ರೀತಿ ಕಾಣಿಸಿಕೊಂಡಿತು. ಮೇಜಿನ ಮೇಲಿನ ಕಾಫಿಯ ಲೋಟವನ್ನು ಅಜ್ಜಿಗೆ ಕೊಟ್ಟು ಬಾ ಎಂದರೆ, “ನೀನೇ ಕೊಡು ಅಪ್ಪ, ನಾನು ಚೆಲ್ಲಿಬಿಡುತ್ತೇನೆ” ಎನ್ನುವಳು. ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕೆಂದರೆ ಕೈ ಹಿಂದಕ್ಕೆ ಎಳೆದುಕೊಳ್ಳುವಳು. ಒಂದು ವಾಕ್ಯಕ್ಕೆ ಇಷ್ಟು ಶಕ್ತಿಯುಂಟೆಂದು, ಮಾತನ್ನೇ ಪಾಠ ಹೇಳಿ ಜೀವನ ನಡೆಸುವ ನನಗೆ ತಿಳಿದಿರಲಿಲ್ಲ.

ನಮ್ಮ ಎದುರುಮನೆಯಲ್ಲಿ ಒಬ್ಬರು ರಾಯರಿದ್ದಾರೆ. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. 1940ರಲ್ಲಿ ಈ ಊರಿನಲ್ಲಿ ಆ ಕಾರ್ಖಾನೆ ಹುಟ್ಟಿದುದನ್ನೂ, ಡಾಕ್ಟರ್ ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಹೆಚ್‌.ಟಿ.-2 ಎಂಬ ತರಬೇತಿ ವಿಮಾನ 1951ರಲ್ಲಿ ಮೊದಲು ಮೇಲಕ್ಕೇರಿದುದನ್ನೂ ತಮ್ಮ ಮನೆತನದ ಕಥೆಯಂತೆ ಹೇಳುವವರು. ಒಂದು ಭಾನುವಾರ ಮುರಿದ ಆಟಿಕೆಯನ್ನು ಅವರ ಬಳಿಗೆ ಒಯ್ದೆ, ಅಂಟಿಸಿಕೊಟ್ಟಾರೆಂಬ ಆಸೆಯಿಂದ. ಅವರು ಅದನ್ನು ತಿರುಗಿಸಿ ನೋಡಿ ಬದಿಗಿಟ್ಟರು.

“ಇದನ್ನು ಜೋಡಿಸಬಹುದು ಮೇಷ್ಟ್ರೇ. ಆದರೆ ಜೋಡಿಸಿ ಏನು ಫಲ? ಇದು ಏಕೆ ಹಾರಿತೆಂದು ಮಗುವಿಗೆ ಗೊತ್ತಿಲ್ಲ. ಏಕೆ ಬಿತ್ತೆಂದೂ ಗೊತ್ತಿಲ್ಲ. ಕಾರಣ ಗೊತ್ತಿಲ್ಲದೆ ಬಿದ್ದದ್ದು ಮನಸ್ಸಿನಲ್ಲಿ ಹೆದರಿಕೆಯಾಗಿ ಕೂತುಕೊಳ್ಳುತ್ತದೆ. ಪುಟ್ಟಿಯನ್ನು ಕಳಿಸಿ. ಮನೆಯಲ್ಲಿ ಹಳೆಯ ಲಗ್ನಪತ್ರಿಕೆ ಇದ್ದರೆ ಅದನ್ನೂ ಕಳಿಸಿ.”

ಲಗ್ನಪತ್ರಿಕೆಗಳಿಗೆ ಯಾವ ಮನೆಯಲ್ಲಿ ಬರ? ಮಗಳು ದಪ್ಪ ಕಾಗದದ ನಾಲ್ಕನ್ನು ಆರಿಸಿಕೊಂಡು ಹೋದಳು. ನಾನೂ ಹಿಂದೆಯೇ ಹೋದೆ.

ಕೆಲಸಕ್ಕೆ ಮೊದಲು ರಾಯರು ಒಂದು ಕಥೆ ಹೇಳಿದರು. 1871ರ ಆಗಸ್ಟ್ ತಿಂಗಳಲ್ಲಿ ಪ್ಯಾರಿಸ್ಸಿನ ಟ್ವಿಲರೀ ಉದ್ಯಾನದಲ್ಲಿ, ವಿಮಾನವಿದ್ಯೆಯಲ್ಲಿ ಆಸಕ್ತರಾದ ಹಿರಿಯರೆದುರಿಗೆ, ಆಲ್ಫೋನ್ಸ್ ಪೆನೋ ಎಂಬ 21 ವರ್ಷದ ತರುಣ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ವಿಮಾನವೊಂದನ್ನು ಹಾರಿಸಿದ. ಅದಕ್ಕೆ ಎಂಜಿನ್ನಿಲ್ಲ, ಹುರಿಗೊಳಿಸಿದ ರಬ್ಬರು ಬಿಚ್ಚಿಕೊಳ್ಳುತ್ತ ಪ್ರೊಪೆಲ್ಲರನ್ನು ತಿರುಗಿಸುತ್ತಿತ್ತು. ರೆಕ್ಕೆಯ ಹಿಂದೆ ತಕ್ಕ ಓರೆಯಲ್ಲಿ ಒಂದು ಪುಟ್ಟ ಬಾಲ. ಆ ಬಾಲದ ದೆಸೆಯಿಂದ ವಿಮಾನ ಗಾಳಿಯಲ್ಲಿ ತಾನಾಗಿಯೇ ಸಮತೋಲವನ್ನು ಕಾಪಾಡಿಕೊಂಡಿತು. 11 ಸೆಕೆಂಡುಗಳಲ್ಲಿ ಸುಮಾರು 131 ಅಡಿ ಹಾರಿತು. ಮನುಷ್ಯನನ್ನು ಹೊರುವ ವಿಮಾನವನ್ನು ಕಟ್ಟುವ ಯೋಗ ಪೆನೋಗೆ ಬರಲಿಲ್ಲ; 1880ರಲ್ಲಿ, 30ರ ಪ್ರಾಯದಲ್ಲೇ ಅವನು ತೀರಿಹೋದ.

ಆದರೆ ಅವನ ರಬ್ಬರಿನ ಉಪಾಯ ಸಮುದ್ರ ದಾಟಿತ್ತು. 1878ರಲ್ಲಿ ಅಮೆರಿಕದ ಪಾದ್ರಿ ಮಿಲ್ಟನ್ ರೈಟ್ ತನ್ನ ಇಬ್ಬರು ಗಂಡುಮಕ್ಕಳಿಗೆ ಒಂದು ಆಟಿಕೆ ತಂದುಕೊಟ್ಟ. ಬಿರಡೆ, ಬಿದಿರು, ಕಾಗದಗಳಿಂದ ಮಾಡಿದ್ದು. ಪೆನೋವಿನ ಮಾದರಿಯಂತೆ ರಬ್ಬರಿನ ಬಲದಿಂದ ನೆಟ್ಟಗೆ ಮೇಲಕ್ಕೇರುವಂಥದು. ದೊಡ್ಡವ ವಿಲ್ಬರನಿಗೆ ಆಗ 11 ವರ್ಷ, ಚಿಕ್ಕವ ಆರ್ವಿಲ್‌ನಿಗೆ 7. ಹುಡುಗರು ಅದಕ್ಕೆ ‘ಬಾವಲಿ’ ಎಂದು ಹೆಸರಿಟ್ಟರು. ಬಹುಬೇಗನೆ ಅದು ಮುರಿಯಿತು.

“ಅವರಪ್ಪ ಬೈದರೇ?” ಎಂದು ಮಗಳು ಕೇಳಿದಳು. ನಾನು ಕಿಟಕಿಯ ಕಡೆಗೆ ನೋಡಿದೆ.

“ಅದನ್ನು ಯಾರೂ ಬರೆದಿಟ್ಟಿಲ್ಲ ಮಗು. ಆದರೆ ಹುಡುಗರು ಏನು ಮಾಡಿದರೆಂದು ಬರೆದಿದೆ. ತಾವೇ ಇನ್ನೊಂದು ಮಾಡಿದರು. ಹಾರಿತು. ಅದಕ್ಕಿಂತ ದೊಡ್ಡದು ಮಾಡಿದರು. ದೊಡ್ಡದಾದಷ್ಟೂ ಹಾರಾಟ ಕೆಟ್ಟಿತು. ಯಾಕೆಂದು ಹೊಳೆಯಲಿಲ್ಲ. ಬೇಸತ್ತು ಮತ್ತೆ ಗಾಳಿಪಟಕ್ಕೆ ಹಿಂದಿರುಗಿದರು.”

ಅಳತೆ ಇಮ್ಮಡಿಯಾದರೆ ಬೇಕಾಗುವ ಶಕ್ತಿ ಎಂಟು ಮಡಿಯೆಂಬುದು ಅಂದು ತಮಗೆ ತಿಳಿದಿರಲಿಲ್ಲವೆಂದು ಆ ಅಣ್ಣತಮ್ಮಂದಿರೇ ಮುಂದೆ ಬರೆದಿದ್ದಾರೆ. 1903ರ ಡಿಸೆಂಬರ್ 17ರಂದು ಮನುಷ್ಯನನ್ನು ಹೊತ್ತ ಅವರ ಯಂತ್ರ ಮೊದಲ ಬಾರಿಗೆ ನೆಲ ಬಿಟ್ಟಿತು. 12 ಸೆಕೆಂಡು, 120 ಅಡಿ. ಮಗಳು ಬೆರಳು ಮಡಿಸಿ ಲೆಕ್ಕ ಹಾಕಿ, “ಹಾಗಾದರೆ ರಬ್ಬರಿನ ಆಟದ ವಿಮಾನವೇ 11 ಅಡಿ ಮುಂದೆ ಹೋಗಿತ್ತು!” ಎಂದಳು. ಬಹುದಿನಗಳ ಮೇಲೆ ಅವಳ ದನಿಯಲ್ಲಿ ಆ ಗೆಲವನ್ನು ನಾನು ಕೇಳಿದೆ.

ಆಮೇಲೆ ರಾಯರು ನನ್ನ ಕಡೆಗೆ ತಿರುಗಿದರು. “ಮೇಷ್ಟ್ರೇ, ನಿಮಗೆ ಒಂದೇ ಕೆಲಸ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂತಿರಿ. ಕತ್ತರಿಯಿಂದ ಮಗು ಬೆರಳು ಕುಯ್ದುಕೊಳ್ಳುವ ಹಾಗಿದ್ದರೆ ಮಾತ್ರ ಬಿಚ್ಚಿ.”

ವಿಮಾನ ಸಿದ್ಧವಾದ ಬಗೆಯನ್ನು ಹೇಳುತ್ತೇನೆ; ಯಾವ ಮನೆಯಲ್ಲಾದರೂ ಮಾಡಬಹುದು. 25 ಸೆಂಟಿಮೀಟರು ಉದ್ದದ ಒಂದು ನೇರವಾದ ಬಿದಿರಿನ ಕಡ್ಡಿಯೇ ಒಡಲು. ಕರೆಯೋಲೆಯಿಂದ 28 ಸೆಂಟಿಮೀಟರು ಉದ್ದ, 6 ಸೆಂಟಿಮೀಟರು ಅಗಲದ ಪಟ್ಟಿಯೊಂದನ್ನು ಕತ್ತರಿಸಿದರೆ ರೆಕ್ಕೆ. 10ಕ್ಕೆ 4ರ ಪಟ್ಟಿ ಹಿಂದಿನ ಬಾಲ. ಅದರ ಮೇಲೆ ನೆಟ್ಟಗೆ ನಿಲ್ಲುವ 4 ಸೆಂಟಿಮೀಟರಿನ ಚೌಕ, ಚುಕ್ಕಾಣಿ. ರೆಕ್ಕೆಯನ್ನು ಸರಿಯಾಗಿ ನಡುವೆ ಮಡಿಸಿ, ಎರಡು ತುದಿಗಳೂ ನಡುಭಾಗಕ್ಕಿಂತ ಎರಡು ಬೆರಳಿನಷ್ಟು ಮೇಲೆ ನಿಲ್ಲುವಂತೆ ಮಾಡಬೇಕು. ಗಾಳಿ ಬೀಸಿ ಒಂದು ಪಕ್ಕಕ್ಕೆ ವಾಲಿದಾಗ ವಿಮಾನ ಮತ್ತೆ ನೇರವಾಗುವುದು ಈ ಮೇಲೆತ್ತಿದ ರೆಕ್ಕೆಯಿಂದಲೇ. ಕಡ್ಡಿಯ ಮುಂಭಾಗದಿಂದ ಮೂರನೆಯ ಒಂದು ಪಾಲು ಬಿಟ್ಟು ರೆಕ್ಕೆಯನ್ನೂ, ಹಿಂದಿನ ತುದಿಯಲ್ಲಿ ಬಾಲವನ್ನೂ ಗೋಂದಿನಿಂದ ಅಂಟಿಸಿ ಒಣಗಲು ಬಿಡಬೇಕು.

ಇನ್ನು ಉಳಿದದ್ದು ಮೂತಿಯ ಭಾರ. ಇದಿಲ್ಲದಿದ್ದರೆ ವಿಮಾನ ಹಾರದು, ತರಗೆಲೆಯಂತೆ ಉರುಳುತ್ತದೆ. ಮಗಳು ಮನೆಗೆ ಓಡಿ, ಅಮ್ಮ ಚಪಾತಿಗೆಂದು ಕಲಸಿದ್ದ ಹಿಟ್ಟಿನಿಂದ ಒಂದು ಚೂರನ್ನು ತಂದು ಉಂಡೆ ಮಾಡಿ ಕಡ್ಡಿಯ ತುದಿಗೆ ಮೆತ್ತಿದಳು. ಎರಡು ಬೆರಳ ತುದಿಗಳನ್ನು ರೆಕ್ಕೆಯ ಕೆಳಗೆ, ಮುಂದಿನ ಅಂಚಿನಿಂದ ಅದರ ಅಗಲದ ಮೂರನೆಯ ಒಂದು ಪಾಲಿನಲ್ಲಿ ಇಟ್ಟು ವಿಮಾನವನ್ನು ಎತ್ತಿ ನೋಡಬೇಕು. ತಕ್ಕಡಿಯ ದಂಡದಂತೆ ಅದು ಸಮವಾಗಿ ನಿಂತರೆ ಭಾರ ಸರಿ. ಗುರುತ್ವಕೇಂದ್ರವೆಂಬ ದೊಡ್ಡ ಮಾತಿನ ಅರ್ಥ ಅಷ್ಟೆ.

ಮೈದಾನದ ಆ ಸಂಜೆಯನ್ನು ನಾನು ಮರೆಯಲಾರೆ. ಮೊದಲ ಸಲ ಮಗಳು ಕಲ್ಲೆಸೆದಂತೆ ಮೇಲಕ್ಕೆ ಬೀಸಿ ಎಸೆದಳು. ವಿಮಾನ ಲಾಗ ಹಾಕಿ ಅವಳ ಕಾಲ ಬುಡದಲ್ಲೇ ಬಿತ್ತು. ಅವಳು ತಟ್ಟನೆ ನನ್ನ ಮುಖ ನೋಡಿದಳು. ಆ ನೋಟವನ್ನು ಕಂಡು ನನ್ನ ಎದೆ ಹಿಂಡಿದಂತಾಯಿತು. ವಿಮಾನ ಬಿದ್ದದ್ದನ್ನು ಅವಳು ನೋಡಲೇ ಇಲ್ಲ; ನನ್ನನ್ನು ನೋಡಿದಳು.

“ಅಪ್ಪನ ಮುಖದಲ್ಲಿ ಏನೂ ಬರೆದಿಲ್ಲ ಮಗು, ವಿಮಾನವನ್ನು ನೋಡು. ಅದು ಬೀಳುವಾಗ ಏನು ಮಾಡಿತು?” ಎಂದರು ರಾಯರು.

ಅಂದು ಅದು ಬಿದ್ದದ್ದು ಒಂದೆರಡು ಸಲವಲ್ಲ, 17 ಸಲ. ಪ್ರತಿ ಸಲವೂ ರಾಯರದು ಅದೇ ಪ್ರಶ್ನೆ. ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಮಗಳು ಮೂರು ಗೆರೆ ಎಳೆದುಕೊಂಡು ಬರೆದಳು: ಏನಾಯಿತು, ಏನು ಬದಲಾಯಿಸಿದೆ, ಆಮೇಲೆ ಏನಾಯಿತು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಎರಡನ್ನು ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಇದೊಂದೇ ಅವರ ಕಟ್ಟಳೆ. ಕತ್ತಲಾಗುವ ಹೊತ್ತಿಗೆ ಆ ಹಾಳೆಯಲ್ಲಿ ಒಂದು ಪುಟ್ಟ ಶಾಸ್ತ್ರವೇ ಸಿದ್ಧವಾಗಿತ್ತು. ಮೂತಿ ಕೆಳಗಾಗಿ ನೆಲಕ್ಕೆ ಕುಕ್ಕಿದರೆ ಬಾಲದ ಹಿಂದಿನ ಅಂಚನ್ನು ಕೂದಲೆಳೆಯಷ್ಟು ಮೇಲಕ್ಕೆ ಬಗ್ಗಿಸಬೇಕು, ಇಲ್ಲವೆ ಮೂತಿಯ ಭಾರವನ್ನು ಚೂರು ತೆಗೆಯಬೇಕು. ಮೇಲಕ್ಕೇರಿ, ಒಂದು ಕ್ಷಣ ನಿಂತು, ದೊಪ್ಪನೆ ಬಿದ್ದರೆ ಮೂತಿಗೆ ಭಾರ ಸಾಲದು. ಎಡಕ್ಕೇ ಸುತ್ತಿದರೆ ಚುಕ್ಕಾಣಿಯ ಹಿಂದಿನ ಅಂಚನ್ನು ತುಸು ಬಲಕ್ಕೆ ತಿರುಗಿಸಬೇಕು. ಎಸೆಯಲಾಗದು; ಗಾಳಿ ಬರುವ ಕಡೆಗೆ ಮುಖ ಮಾಡಿ, ಮೂತಿಯನ್ನು ಸ್ವಲ್ಪವೇ ತಗ್ಗಿಸಿ, ಮುಂದಕ್ಕೆ ತಳ್ಳಿ ಕೈಬಿಡಬೇಕು.

18ನೆಯ ಸಲ ಅದು ಬೀಳಲಿಲ್ಲ. ಕೈಯಿಂದ ಜಾರಿ, ಗಾಳಿಯ ಮೇಲೆ ಒರಗಿದಂತೆ ನಿಧಾನವಾಗಿ ಇಳಿಯುತ್ತ, ಹುಲ್ಲಿನ ಮೇಲೆ ಹೊಟ್ಟೆಯೂರಿ ಕುಳಿತಿತು. ಮಗಳು ಅಳೆದಳು: 14 ಹೆಜ್ಜೆ. 17 ಸಲ ನೆಗೆದದ್ದು ಆ ಸಲ ಹಾರಿತ್ತು. ‘ಹಾರು’ ಎಂಬ ಪದದ ಎರಡು ಅರ್ಥಗಳ ನಡುವಿನ ಅಂತರ ನನಗೆ ತಿಳಿದದ್ದು ಆಗ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಮಾರನೆಯ ದಿನ ರಜೆಯಿತ್ತು. ಬೆಳಗ್ಗೆ ಗಾಳಿ ಅಡಗಿರುವಾಗಲೇ ಮತ್ತೆ ಮೂವರೂ ಮೈದಾನಕ್ಕೆ ಹೋದೆವು. ಅದೇ ವಿಮಾನ, ಅದೇ ಕೈ. ಆದರೆ ಇಂದು ಅದು ಮೇಲಕ್ಕೇರುವುದು, ತಡೆದು ನಿಲ್ಲುವುದು, ದೊಪ್ಪನೆ ಬೀಳುವುದು. ಮೂರು ಸಲವೂ ಹಾಗೆಯೇ. ನಿನ್ನೆಯಿಂದ ಯಾರೂ ಅದನ್ನು ಮುಟ್ಟಿರಲಿಲ್ಲ. “ಬಾಲವನ್ನು ಸ್ವಲ್ಪ ಕೆಳಕ್ಕೆ ಬಗ್ಗಿಸು” ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು; ಬೆನ್ನ ಹಿಂದಿನ ಕೈಗಳು ಚಡಪಡಿಸುತ್ತಿದ್ದವು. ರಾಯರು ನನ್ನತ್ತ ಒಮ್ಮೆ ನೋಡಿದರು. ನಾನು ನಾಲಗೆಯನ್ನೂ ಕಟ್ಟಿಕೊಂಡೆ.

ಈ ಸಲ ಮಗಳು ನನ್ನ ಮುಖವನ್ನು ನೋಡಲಿಲ್ಲ. ಹುಲ್ಲಿನ ಮೇಲೆ ಕುಳಿತು ವಿಮಾನವನ್ನು ಬೆರಳ ತುದಿಗಳ ಮೇಲೆ ಎತ್ತಿದಳು. ಮೂತಿ ಮೇಲಾಗಿ ಬಾಲ ಕೆಳಗಾಯಿತು. “ನಿನ್ನೆ ಸಮವಾಗಿತ್ತು ತಾತ” ಎಂದಳು. ಹಿಟ್ಟಿನ ಉಂಡೆಯನ್ನು ಒತ್ತಿ ನೋಡಿದಳು. ಅದು ಕಲ್ಲಿನಂತಾಗಿತ್ತು. ಒಂದು ನಿಮಿಷ ಸುಮ್ಮನಿದ್ದು ಚೀರಿದಳು:

“ಹಿಟ್ಟಿನಲ್ಲಿದ್ದ ನೀರು ಹೋಗಿಬಿಟ್ಟಿದೆ! ರಾತ್ರಿಯೆಲ್ಲ ಒಣಗಿ ಹಗುರವಾಗಿದೆ, ಅದಕ್ಕೇ ಹೀಗೆ!”

ಆ ಕಾರಣ ನನಗೆ ಹೊಳೆದಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ನನ್ನ ಮಾತಿನಂತೆ ಬಾಲವನ್ನು ಬಗ್ಗಿಸಿದ್ದರೆ ವಿಮಾನ ಹೇಗೋ ಹಾರುತ್ತಿತ್ತು. ನಿಜವಾದ ಕಾರಣ ಮಾತ್ರ ಹಿಟ್ಟಿನೊಳಗೇ ಹುದುಗಿರುತ್ತಿತ್ತು. ಮಗಳು ಮನೆಗೆ ಹೋಗಿ, ಹಿಟ್ಟನ್ನು ಕಿತ್ತು, ಒಣಗದ ಪದಾರ್ಥ ಬೇಕೆಂದು ಹುಡುಕಿ, ಮೋಂಬತ್ತಿಯ ಚೂರುಗಳನ್ನು ಅಂಗೈಯ ಬಿಸಿಯಲ್ಲಿ ನಾದಿ ಮೂತಿಗೆ ಮೆತ್ತಿದಳು. ಮೇಣದ ಮೂತಿಯ ಆ ವಿಮಾನ ಇಂದಿಗೂ ಹಾರುತ್ತಿದೆ.

ಈ ಹವ್ಯಾಸಕ್ಕೆ ಮುಂದೆ ದೊಡ್ಡ ದಾರಿಯಿದೆ. ಕಾಗದದ ತೇಲುವಿಮಾನದ ನಂತರ ರಬ್ಬರಿನ ಹುರಿಯಿಂದ ಹಾರುವುದು. ಆಮೇಲೆ ದಕ್ಷಿಣ ಅಮೆರಿಕದ ಎಕ್ವಡಾರಿನಿಂದ ಬರುವ ಬಾಲ್ಸಾ ಎಂಬ ಬಲು ಹಗುರವಾದ ಮರದ ಮಾದರಿಗಳು. ಕಟ್ಟಡದ ಒಳಗೆ ಹಾರಿಸಲೆಂದೇ ಮಾಡಿದ, ಒಂದೆರಡು ಗ್ರಾಮು ತೂಕದ ರಬ್ಬರಿನ ವಿಮಾನಗಳನ್ನು ನುರಿತವರು ಅರ್ಧ ಗಂಟೆಗೂ ಮೀರಿ ಗಾಳಿಯಲ್ಲಿ ನಿಲ್ಲಿಸುತ್ತಾರೆ. ಕೈಯಲ್ಲಿ ತಂತಿ ಹಿಡಿದು ಸುತ್ತಲೂ ಹಾರಿಸುವ ಎಂಜಿನ್ನಿನ ವಿಮಾನಗಳೂ, ರೇಡಿಯೋದಿಂದ ನಡೆಸುವವೂ ಆಮೇಲಿನ ಮೆಟ್ಟಿಲುಗಳು. ಎನ್‌.ಸಿ.ಸಿ.ಯ ವಾಯುದಳದ ವಿಭಾಗಕ್ಕೆ ಸೇರಿದ ವಿದ್ಯಾರ್ಥಿಗಳಿಗೆ ಮಾದರಿ ವಿಮಾನ ಕಟ್ಟುವುದು ತರಬೇತಿಯ ಒಂದು ಅಂಗವೇ ಆಗಿದೆ. ರೇಡಿಯೋ ವಿಮಾನಗಳ ವಿಷಯದಲ್ಲಿ ಕಾನೂನಿನ ಕಟ್ಟುಪಾಡುಗಳುಂಟು. ವಿಮಾನ ನಿಲ್ದಾಣದ ಆಸುಪಾಸಿನಲ್ಲಂತೂ ಹಿರಿಯರು ಅವನ್ನು ತಿಳಿದುಕೊಳ್ಳದೆ ಹಾರಿಸಕೂಡದು. ಲಗ್ನಪತ್ರಿಕೆಯ ವಿಮಾನಕ್ಕೆ ಬೇಕಾದದ್ದು ಒಂದು ಬಯಲು, ತಣ್ಣಗಿನ ಬೆಳಗು. ಬೀದಿಯಲ್ಲೂ ಕಟಕಟೆಯಿಲ್ಲದ ತಾರಸಿಯ ಮೇಲೂ ಬೇಡ, ಎದುರಿಗಿರುವವರ ಮುಖದ ಕಡೆಗೂ ಬೇಡ.

ಶಾಲೆಯ ಉಪಾಧ್ಯಾಯರಿಗೂ ಒಂದು ಮಾತು. ಅಬ್ದುಲ್ ಕಲಾಂ ಅವರು ರಾಮೇಶ್ವರದಲ್ಲಿ ಐದನೆಯ ತರಗತಿಯಲ್ಲಿದ್ದಾಗ, ಹಕ್ಕಿ ಹೇಗೆ ಹಾರುತ್ತದೆಂಬುದನ್ನು ಶಿವಸುಬ್ರಹ್ಮಣ್ಯ ಅಯ್ಯರ್ ಎಂಬ ಗುರುಗಳು ಕಪ್ಪುಹಲಗೆಯ ಮೇಲೆ ವಿವರಿಸಿದರು. ಅರ್ಥವಾಗಲಿಲ್ಲವೆಂದು ಹುಡುಗ ಹೇಳಿದ. ಗುರುಗಳು ಗದರಲಿಲ್ಲ, ಮಕ್ಕಳೆಲ್ಲರನ್ನೂ ಅಂದೇ ಸಮುದ್ರತೀರಕ್ಕೆ ಕರೆದೊಯ್ದು ಹಾರುವ ಹಕ್ಕಿಗಳನ್ನೇ ತೋರಿಸಿದರು. ತಮ್ಮ ಜೀವನದ ಗುರಿ ಅಲ್ಲಿ ಮೂಡಿತೆಂದು ಕಲಾಂ ಅವರು ಹಲವು ಬಾರಿ ಸ್ಮರಿಸಿದ್ದಾರೆ. ನಮ್ಮ ಮಕ್ಕಳೆಲ್ಲರೂ ವಿಮಾನ ಕಟ್ಟುವ ಎಂಜಿನಿಯರುಗಳಾಗಬೇಕಿಲ್ಲ. ಬಿದ್ದದ್ದನ್ನು ಎತ್ತಿಕೊಂಡು “ಏಕೆ ಬಿತ್ತು?” ಎಂದು ಹೆದರದೆ ಕೇಳುವವರಾದರೆ ಸಾಕು. ನಮ್ಮ ಮಕ್ಕಳಿಗೆ ಬೀಳುವ ಅವಕಾಶವೇ ಕಡಿಮೆ. ಶಾಲೆಯ ವಸ್ತುಪ್ರದರ್ಶನದಲ್ಲಿ ಮಕ್ಕಳ ಹೆಸರಿನ ಚೀಟಿ ಹೊತ್ತು ನಿಂತಿರುವ ಮಾದರಿಗಳಲ್ಲಿ ತಂದೆಯರ ಕೈಚಳಕವೆಷ್ಟು, ತಾಯಂದಿರ ನಿದ್ದೆಗೇಡೆಷ್ಟು ಎಂಬುದು ನಮಗೆಲ್ಲ ಗೊತ್ತಿರುವ ಗುಟ್ಟು.

‘ಕೈಬಿಡು’ ಎಂಬ ಪದಕ್ಕೂ ಕನ್ನಡದಲ್ಲಿ ಎರಡು ಅರ್ಥಗಳುಂಟು. ತೊರೆದುಬಿಡುವುದೂ ಕೈಬಿಡುವುದೇ; ಹಿಡಿದದ್ದನ್ನು ಹಾರಲು ಬಿಡುವುದೂ ಕೈಬಿಡುವುದೇ. ಮೊದಲನೆಯದಕ್ಕೆ ಹೆದರಿ ನಾವು ಎರಡನೆಯದನ್ನೂ ಮಾಡದೆ ಉಳಿಯುತ್ತೇವೆ.

ಮೊನ್ನೆ ಸಂಜೆ ನಾನು ಹೇಳದೆಯೇ ಮಗಳು ಕಾಫಿಯ ಲೋಟವನ್ನು ಎತ್ತಿಕೊಂಡು ಅಜ್ಜಿಯ ಕೋಣೆಗೆ ಹೊರಟಳು. ಬಾಗಿಲ ಬಳಿ ಸ್ವಲ್ಪ ತುಳುಕಿ ನೆಲಕ್ಕೆ ಚೆಲ್ಲಿತು. ನಾನು ಕುರ್ಚಿಯಿಂದ ಏಳಲಿಲ್ಲ. ಅವಳು ನನ್ನ ಕಡೆಗೆ ತಿರುಗಲೂ ಇಲ್ಲ. ಚೆಲ್ಲಿದ್ದನ್ನು ಒಂದು ಗಳಿಗೆ ನೋಡಿ ತನಗೆ ತಾನೇ ಹೇಳಿಕೊಂಡಳು: “ಅಂಚಿನವರೆಗೆ ತುಂಬಿತ್ತು. ನಾಳೆ ಒಂದು ಬೆರಳು ಕಡಿಮೆ ಹಾಕಬೇಕು.”

ಅನಂತರ ಒರಸುವ ಬಟ್ಟೆ ತರಲು ಹೋದಳು.